ಶೈತ್ಯದ ಕಾವಲು

ದೊಡ್ಡ ಆಸ್ಪತ್ರೆಗಳ ಎಂ.ಆರ್.ಐ. ವಿಭಾಗದ ಹೊರಗೆ ತಮ್ಮವರಿಗಾಗಿ ಕಾದು ಕುಳಿತವರು ಎರಡು ಬಗೆಯ ಸದ್ದುಗಳನ್ನು ಕೇಳಿರುತ್ತಾರೆ. ಒಂದು, ಪರೀಕ್ಷೆ ನಡೆಯುವಾಗ ಒಳಗಿನಿಂದ ಬರುವ ಡಬಡಬ ಬಡಿತ. ಅದು ಯಾರ ಕಿವಿಗೂ ತಪ್ಪುವುದಿಲ್ಲ; ಮಕ್ಕಳು ಬೆದರುವುದೂ ಉಂಟು. ಇನ್ನೊಂದು ಮೆಲುದನಿಯದು. ರೋಗಿ ಹೊರಬಂದು, ದೀಪವಾರಿಸಿ, ಸಿಬ್ಬಂದಿಯೆಲ್ಲ ಮನೆಗೆ ತೆರಳಿದ ಮೇಲೂ ಅದು ನಿಲ್ಲದು. ಸೆಕೆಂಡಿಗೊಮ್ಮೆ ಎಂಬಂತೆ, ಗೂಡಿನೊಳಗಿನ ಹಕ್ಕಿಮರಿ ಉಲಿದ ಹಾಗೆ, ‘ಚಿರ್ರ್, ಚಿರ್ರ್’ ಎಂದು ಹಗಲಿರುಳೂ ಕೇಳುತ್ತಲೇ ಇರುತ್ತದೆ. ಅದನ್ನು ಹವಾನಿಯಂತ್ರಕದ ಸದ್ದೆಂದು ಭಾವಿಸಿದವರ ಊಹೆ ಪೂರ್ತಿ ತಪ್ಪಲ್ಲ. ಅದು ತಂಪು ಮಾಡುವ ಯಂತ್ರವೇ. ಆದರೆ ಅದು ಕಾಯುತ್ತಿರುವ ತಂಪು ಕೋಣೆಯದಲ್ಲ. ಕಾಂತದ ಗರ್ಭದಲ್ಲಿ ಅಡಗಿರುವ ತಂತಿಯ ಸುರುಳಿಯದು. ಅಲ್ಲಿನ ಉಷ್ಣತೆ ಮೈನಸ್ 269 ಡಿಗ್ರಿ ಸೆಲ್ಸಿಯಸ್. ಇದಕ್ಕಿಂತ ಇನ್ನು ನಾಲ್ಕು ಡಿಗ್ರಿ ಕೆಳಗಿಳಿದರೆ ಪ್ರಕೃತಿಯಲ್ಲಿ ಇಳಿಯಲು ಮೆಟ್ಟಿಲೇ ಉಳಿಯುವುದಿಲ್ಲ.

ಇಷ್ಟು ಚಳಿ ಏಕೆ ಬೇಕು? ತಾಮ್ರದ ತಂತಿಯನ್ನು ಮೊಳೆಗೆ ಸುತ್ತಿ ಬ್ಯಾಟರಿಗೆ ಜೋಡಿಸಿ ವಿದ್ಯುತ್ಕಾಂತ ಮಾಡುವ ಪ್ರಯೋಗ ಶಾಲೆಯಲ್ಲಿ ಎಲ್ಲರೂ ಮಾಡುವಂಥದು. ಸ್ವಲ್ಪ ಹೊತ್ತಿಗೇ ತಂತಿ ಬೆಚ್ಚಗಾಗುವುದನ್ನು ಜಾಣ ವಿದ್ಯಾರ್ಥಿಗಳು ಗಮನಿಸಿರುತ್ತಾರೆ. ವಿದ್ಯುತ್ತಿನ ಹರಿವಿಗೆ ತಾಮ್ರವು ಒಡ್ಡುವ ರೋಧವೇ ಆ ಬಿಸಿಯ ಮೂಲ. ಕಾಂತ ಬಲವಾದಷ್ಟೂ ಪ್ರವಾಹ ಹೆಚ್ಚಬೇಕು; ಪ್ರವಾಹ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟಾಗುತ್ತದೆ. ಎಂ.ಆರ್.ಐ. ಯಂತ್ರದಲ್ಲಿ ಸಾಮಾನ್ಯವಾಗಿ ಬಳಸುವ ಕಾಂತದ ಬಲ 1.5 ಟೆಸ್ಲಾ, ಎಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಮನುಷ್ಯನೊಬ್ಬ ಮಲಗಬಲ್ಲ ಅಗಲದ ಸುರುಳಿಯಲ್ಲಿ ಅಷ್ಟು ಬಲವನ್ನು ತಾಮ್ರದಿಂದ ಪಡೆಯಹೊರಟರೆ ಅದು ಕಾಂತವಾಗುವುದಕ್ಕಿಂತ ಮೊದಲು ಕುಲುಮೆಯಾದೀತು. ಆದ್ದರಿಂದ ಅಲ್ಲಿ ನಿಯೋಬಿಯಂ ಮತ್ತು ಟೈಟಾನಿಯಂ ಲೋಹಗಳ ಮಿಶ್ರಣದ ತಂತಿಯನ್ನು ಸುತ್ತುತ್ತಾರೆ. ತಕ್ಕಷ್ಟು ತಣ್ಣಗಾದಾಗ ಈ ಮಿಶ್ರಲೋಹದ ರೋಧ ಕಡಿಮೆಯಾಗುವುದಷ್ಟೇ ಅಲ್ಲ, ಇಲ್ಲವೇ ಆಗುತ್ತದೆ. ಇಂಥ ವಸ್ತುವಿಗೆ ಅತಿವಾಹಕವೆಂದು ಹೆಸರು. ಸೂಪರ್‌ಕಂಡಕ್ಟರ್ ಎಂದರೂ ಇದೇ. ಎಂಜಿನಿಯರು ಒಮ್ಮೆ ಪ್ರವಾಹವನ್ನು ಒಳಗೆ ಹಾಯಿಸಿ, ಸುರುಳಿಯ ಎರಡು ತುದಿಗಳನ್ನು ಒಂದುಗೂಡಿಸಿ, ಹೊರಗಿನ ವಿದ್ಯುತ್ತಿನ ಸಂಪರ್ಕವನ್ನು ಕಡಿದು ಹೋದರೆ ಆಯಿತು. ವರ್ಷಗಟ್ಟಲೆ ಆ ಪ್ರವಾಹ ತನ್ನಷ್ಟಕ್ಕೆ ಸುತ್ತುತ್ತಿರುತ್ತದೆ. ಕಾಂತಕ್ಕೆ ಬೇರೆ ವಿದ್ಯುತ್ತು ಬೇಡ. ಬೇಕಾಗಿರುವುದು ಆ ಚಳಿಯೊಂದೇ, ಮತ್ತು ಅದನ್ನು ಕಾಯುವ ಆ ಉಲಿಯುವ ಯಂತ್ರ.

ಅತಿವಾಹಕ ಕಾಂತಗಳ ಕಥೆಯಲ್ಲಿ ಬಹಳ ಪಾಲು ಕಾಂತದ್ದಲ್ಲ, ಶೈತ್ಯದ್ದು. ಅದರ ಮೊದಲ ಅಧ್ಯಾಯ ತೆರೆಯುವುದು ಯುರೋಪಿನ ಪ್ರಯೋಗಾಲಯದಲ್ಲಿ ಅಲ್ಲ, ದಖನ್ನಿನ ಬಯಲಿನಲ್ಲಿ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣದ ನೆರಳು ಈ ನಾಡಿನ ಮೇಲೆ ಹಾದುಹೋಯಿತು. ಅದನ್ನು ಕಾಣಲು ಬಂದ ತಂಡಗಳಲ್ಲಿ ಒಂದು ವಿಜಾಪುರದಲ್ಲಿತ್ತು. ಜತ್ತದಿಂದ ಬಹಳ ದೂರವಿಲ್ಲದ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷಲ್ ರೋಹಿತದರ್ಶಕ ಹಿಡಿದು ನಿಂತಿದ್ದನು. ಗುಂಟೂರಿನಲ್ಲಿ ಫ್ರಾನ್ಸಿನ ಪಿಯರ್ ಜಾನ್ಸೆನ್ ಇದ್ದನು. ಮಚಲಿಪಟ್ಟಣದಲ್ಲಿ ಮದರಾಸು ವೀಕ್ಷಣಾಲಯದ ನಾರ್ಮನ್ ಪಾಗ್ಸನ್. ಜಮಖಂಡಿಯಲ್ಲಿ ಮೋಡಗಳ ಕಾಟ. ಆದರೂ ಸಿಕ್ಕ ಎಡೆಯಲ್ಲಿ ಹರ್ಷಲನು ಸೂರ್ಯನ ಅಂಚಿನಿಂದ ಚಿಮ್ಮಿದ ಜ್ವಾಲೆಯ ಬೆಳಕಿನಲ್ಲಿ ಉಜ್ಜ್ವಲವಾದ ಬಣ್ಣದ ಗೆರೆಗಳನ್ನು ಕಂಡನು. ಅವುಗಳಲ್ಲಿ ಹಳದಿ-ಕಿತ್ತಳೆಯ ಒಂದು ಗೆರೆಯನ್ನು ಅಂದು ಹಲವರು ಸೋಡಿಯಂ ಧಾತುವಿನದೆಂದೇ ಬಗೆದರು. ಅದೇ ವರ್ಷ ಇಂಗ್ಲೆಂಡಿನ ನಾರ್ಮನ್ ಲಾಕಿಯರ್, ಗ್ರಹಣವಿಲ್ಲದ ಹೊತ್ತಿನಲ್ಲಿಯೇ ಸೂರ್ಯನನ್ನು ಪರಿಶೀಲಿಸಿ, ಆ ಗೆರೆ ಸೋಡಿಯಂನ ಗೆರೆಗಳ ಪಕ್ಕದಲ್ಲಿದೆಯೇ ಹೊರತು ಅವುಗಳ ಮೇಲಿಲ್ಲ ಎಂದು ಕಂಡುಕೊಂಡನು. ಭೂಮಿಯಲ್ಲಿ ಯಾರೂ ಕಾಣದ ಆ ಧಾತುವಿಗೆ ಸೂರ್ಯನ ಗ್ರೀಕ್ ಹೆಸರಿನಿಂದಲೇ ಹೀಲಿಯಂ ಎಂಬ ಹೆಸರಾಯಿತು. 1895ರಲ್ಲಿ ವಿಲಿಯಂ ರ‍್ಯಾಮ್ಸೆ ಯುರೇನಿಯಂ ಖನಿಜವೊಂದರಿಂದ ಅದನ್ನು ಹೊರತೆಗೆದನು. ಸುಡುವ ಸೂರ್ಯನಲ್ಲಿ ಮೊದಲು ಕಂಡ ಧಾತುವೇ ಚಳಿಯ ಕೊನೆಯ ಮೆಟ್ಟಿಲಾಯಿತೆಂಬುದು ವಿಚಿತ್ರ.

ಮೆಟ್ಟಿಲೆಂದು ಹೇಳುವುದಕ್ಕೆ ಕಾರಣವುಂಟು. ಬೇಸಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದು ಹೊರಮೈಯಲ್ಲಿ ಜಿನುಗಿದ ನೀರು ಆರುವಾಗ ಉಳಿದ ನೀರಿನ ಶಾಖವನ್ನು ಒಯ್ಯುವುದರಿಂದ. ದ್ರವವು ಆವಿಯಾಗುವಾಗ ಶಾಖವನ್ನು ಕೊಂಡೊಯ್ಯುತ್ತದೆ. ಇದೇ ಎಲ್ಲ ತಂಪಿನ ಮೂಲಸೂತ್ರ. ಆದರೆ ನೀರಿನಿಂದ ಪಡೆಯುವ ತಂಪಿಗೆ ಮಿತಿಯಿದೆ, ಅದು ಹೆಪ್ಪುಗಟ್ಟುತ್ತದೆ. ಇನ್ನೂ ಕೆಳಗಿಳಿಯಬೇಕಾದರೆ ಇನ್ನೂ ಕಡಿಮೆ ಉಷ್ಣತೆಯಲ್ಲಿ ಕುದಿಯುವ ದ್ರವ ಬೇಕು. ಗಾಳಿಯನ್ನು ದ್ರವವಾಗಿಸಿದರೆ ಅದು ಮೈನಸ್ 190 ಡಿಗ್ರಿಯ ಸುಮಾರಿಗೆ ಕುದಿಯುತ್ತದೆ. ಲಂಡನ್ನಿನಲ್ಲಿ ಜೇಮ್ಸ್ ಡ್ಯೂವರ್ 1898ರಲ್ಲಿ ಜಲಜನಕವನ್ನು ದ್ರವವಾಗಿಸಿದನು. ಅದು ಮೈನಸ್ 253. ಉಳಿದದ್ದು ಹೀಲಿಯಂ ಒಂದೇ. ಈ ಡ್ಯೂವರನ ಹೆಸರು ಮನೆಗಳಿಗೆ ಅಪರಿಚಿತ, ಅವನ ಕಾಣಿಕೆ ಪರಿಚಿತ. ದ್ರವಗಾಳಿಯನ್ನು ಕಾಪಾಡಲೆಂದು ಅವನು 1892ರಲ್ಲಿ ಮಾಡಿದ, ಎರಡು ಗೋಡೆಗಳ ನಡುವೆ ನಿರ್ವಾತವಿರುವ ಗಾಜಿನ ಪಾತ್ರೆಯೇ ಮುಂದೆ ಚಹಾ ತುಂಬುವ ಫ್ಲಾಸ್ಕ್ ಆಯಿತು. ಅವನು ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಲಾಭ ಬೇರೆಯವರ ಪಾಲಾಯಿತು.

ಹೀಲಿಯಂನ್ನು ಗೆದ್ದವನು ಹಾಲೆಂಡಿನ ಲೈಡನ್ ನಗರದ ಹೈಕೆ ಕಾಮರ್ಲಿಂಗ್ ಓನ್ನೆಸ್. ಅವನ ಗೆಲುವಿನ ಹಿಂದೆ ಒಂದು ಶಾಲೆಯಿತ್ತು ಎಂಬ ಸಂಗತಿ ಪಠ್ಯಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ. ಗಾಜು ಊದುವ, ಲೋಹ ಕಡೆಯುವ, ಸೋರದಂತೆ ಬೆಸೆಯುವ ಕೈಗಳಿಲ್ಲದೆ ತನ್ನ ಸಮೀಕರಣಗಳು ವ್ಯರ್ಥವೆಂದು ಅರಿತ ಆ ಪ್ರಾಧ್ಯಾಪಕ ಉಪಕರಣ ತಯಾರಿಕೆಯ ಶಾಲೆಯನ್ನು 1901ರಲ್ಲಿ ವ್ಯವಸ್ಥಿತವಾಗಿ ಕಟ್ಟಿ ನಿಲ್ಲಿಸಿದನು. ನೀಲಿ ಮೇಲಂಗಿ ತೊಟ್ಟು ಓಡಾಡುತ್ತಿದ್ದ ಅಲ್ಲಿನ ಹುಡುಗರನ್ನು ಊರವರು ನೀಲಿ ಹುಡುಗರೆಂದೇ ಕರೆಯುತ್ತಿದ್ದರು. ಹೀಲಿಯಂ ಅನಿಲವನ್ನು ಮೊನಜೈಟ್ ಮರಳಿನಿಂದ ಪಡೆಯಬೇಕಾಗಿತ್ತು. ಕೇರಳದ ಚವರದ ಕಡಲ ದಂಡೆಯಲ್ಲಿಯೂ ಈ ಮರಳುಂಟು, ಆದರೆ ಓನ್ನೆಸನಿಗೆ ಅದು ಬಂದದ್ದು ಅಮೆರಿಕದ ಉತ್ತರ ಕೆರೊಲಿನಾದಿಂದ. 1908ರ ಜುಲೈ 10ರಂದು ನಸುಕಿನಲ್ಲಿಯೇ ಕೆಲಸ ಮೊದಲಾಯಿತು. ಹಿಂದಿನ ದಿನವೇ ಸಿದ್ಧಪಡಿಸಿದ್ದ ದ್ರವಗಾಳಿಯಿಂದ ಜಲಜನಕವನ್ನು ತಣಿಸಿ ದ್ರವವಾಗಿಸಬೇಕು; ಆ ದ್ರವ ಜಲಜನಕದಿಂದ ಹೀಲಿಯಂನ್ನು ತಣಿಸಬೇಕು; ತಣಿದ ಹೀಲಿಯಂನ್ನು ಕಿರಿದಾದ ರಂಧ್ರದ ಮೂಲಕ ಹಿಗ್ಗಲು ಬಿಟ್ಟು ಇನ್ನಷ್ಟು ತಣಿಸಬೇಕು. ಸಂಜೆಯಾದರೂ ಗಾಜಿನ ಪಾತ್ರೆಯಲ್ಲಿ ಏನೂ ಕಾಣದು. ಭೇಟಿಗೆ ಬಂದಿದ್ದ ರಸಾಯನಶಾಸ್ತ್ರದ ಪ್ರಾಧ್ಯಾಪಕನೊಬ್ಬ, ಕೆಳಗಿನಿಂದ ಬೆಳಕು ಹಾಯಿಸಿ ನೋಡಬಾರದೇ ಎಂದನು. ಹಾಗೆ ನೋಡಿದಾಗ ದ್ರವದ ಅಂಚು ಗೆರೆ ಎಳೆದಂತೆ ಕಂಡಿತು. ಸುಮಾರು 60 ಮಿಲಿಲೀಟರ್, ಎಂದರೆ ಅರ್ಧ ಲೋಟವೂ ಇಲ್ಲ.

ಆ ಹೊಸ ಶೈತ್ಯದಲ್ಲಿ ಲೋಹಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಪರೀಕ್ಷಿಸುತ್ತಿರುವಾಗ, 1911ರ ಏಪ್ರಿಲ್ 8ರಂದು, ಪಾದರಸದ ರೋಧ ಹಠಾತ್ತಾಗಿ ಮಾಯವಾದುದು ಕಂಡುಬಂದಿತು. ಅಳತೆಯ ಮುಂದೆ ಕುಳಿತಿದ್ದವನು ಗಿಲ್ಲೆಸ್ ಹೋಲ್ಸ್ಟ್ ಎಂಬ ಯುವಕ. ಎರಡೇ ವರ್ಷಗಳಲ್ಲಿ ಓನ್ನೆಸನು, ಕಬ್ಬಿಣವಿಲ್ಲದೆ, ಬಿಸಿಯಿಲ್ಲದೆ 10 ಟೆಸ್ಲಾ ಬಲದ ಕಾಂತವೊಂದನ್ನು ಕಟ್ಟುವ ಕನಸನ್ನು ಮುಂದಿಟ್ಟನು. ಕನಸು ಕೈಗೂಡಲಿಲ್ಲ. ಸೀಸ, ತವರಗಳ ಸುರುಳಿಗಳು ತಾವೇ ಹುಟ್ಟಿಸಿದ ಅಲ್ಪ ಕಾಂತಬಲವನ್ನೂ ತಾಳದೆ ಮತ್ತೆ ಸಾಮಾನ್ಯ ಲೋಹಗಳಾದವು. ಬಲವಾದ ಕಾಂತಕ್ಷೇತ್ರದಲ್ಲಿಯೂ ಎದೆಗೆಡದ ನಿಯೋಬಿಯಂ ಮಿಶ್ರಲೋಹಗಳು ಕೈಗೆ ಬಂದದ್ದು 1960ರ ದಶಕದ ಆರಂಭದಲ್ಲಿ. ಅರ್ಧ ಶತಮಾನ ಆ ಕನಸು ತಂತಿಗಾಗಿ ಕಾದಿತ್ತು.

ತಂತಿ ಬಂದ ಮೇಲೆ ಹಳೆಯ ಪ್ರಶ್ನೆಯೇ ಹೊಸ ರೂಪದಲ್ಲಿ ಎದುರಾಯಿತು. ಕಾಂತವನ್ನು ತಣಿಸುವುದು ಒಂದು ಕೆಲಸ. ತಣ್ಣಗೆ ಇರಿಸುವುದು ಅದಕ್ಕಿಂತ ಕಠಿನವಾದ ಇನ್ನೊಂದು ಕೆಲಸ. ದ್ರವ ಹೀಲಿಯಂ ಬಹಳ ಸುಕುಮಾರವಾದ ದ್ರವ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖದ ಎಂಟುನೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಶಾಖ ತಗುಲಿದರೆ ಒಂದು ಲೀಟರ್ ದ್ರವ ಹೀಲಿಯಂ ಹಾರಿಹೋಗುತ್ತದೆ. ಒಂದು ವ್ಯಾಟ್ ಶಾಖ, ಅಂದರೆ ಪುಟ್ಟ ಟಾರ್ಚ್ ಬಲ್ಬಿನಷ್ಟು, ಒಂದು ಗಂಟೆ ಒಳನುಸುಳಿದರೆ 1.4 ಲೀಟರಿನಷ್ಟು ನಷ್ಟ. ಶಾಖವಾದರೋ ಕನ್ನ ಹಾಕಲು ಸದಾ ಹೊಂಚುಹಾಕುತ್ತಿರುವ ಕಳ್ಳ. ಕಾಂತವನ್ನು ಹೊತ್ತ ಆಧಾರಗಳ ಮೂಲಕ ಹರಿದುಬರುತ್ತದೆ. ಉಳಿದ ಗಾಳಿಯ ಕಣಗಳ ಬೆನ್ನೇರಿ ಬರುತ್ತದೆ. ಏನೂ ಇಲ್ಲದ ನಿರ್ವಾತದಲ್ಲಿಯೂ ವಿಕಿರಣವಾಗಿ ದಾಟಿ ಬರುತ್ತದೆ.

ಇದಕ್ಕೆ ಕಟ್ಟಿದ ಕೋಟೆ ಮೂಲದಲ್ಲಿ ಡ್ಯೂವರನ ಫ್ಲಾಸ್ಕೇ. ಆದರೆ ಒಂದರೊಳಗೊಂದು ಆವರಣ. ಗಾಜಿನ ಬದಲು ಉಕ್ಕು. ನಿರ್ವಾತದ ನಡುವೆ ಅಲ್ಯೂಮಿನಿಯಂ ಲೇಪಿಸಿದ ತೆಳು ಹಾಳೆಗಳ ಹತ್ತಾರು ಪದರ; ಮಿಠಾಯಿಯ ಹೊಳೆಯುವ ಹೊದಿಕೆಯಂತೆ ಕಾಣುವ ಇವು ಬಂದ ವಿಕಿರಣವನ್ನು ಪದರ ಪದರದಲ್ಲಿಯೂ ಹಿಂದಟ್ಟುತ್ತವೆ. ನಡುದಾರಿಯಲ್ಲಿ ದ್ರವ ಸಾರಜನಕದಷ್ಟು ತಣ್ಣಗಿರುವ ಒಂದು ಲೋಹದ ತೆರೆ. ಕೋಣೆಯ ಉಷ್ಣತೆಯ ಗೋಡೆ ಸೂಸುವ ವಿಕಿರಣಕ್ಕೆ ಹೋಲಿಸಿದರೆ ಅಂಥ ತೆರೆ ಸೂಸುವುದು ಇನ್ನೂರರಲ್ಲಿ ಒಂದು ಪಾಲಿಗಿಂತ ಕಡಿಮೆ. ಇನ್ನು ಮಿತವ್ಯಯದ ಮಾತು. ಕುದಿದು ಮೇಲೇರುವ ಹೀಲಿಯಂ ಆವಿ ಕೆಲಸ ಮುಗಿಸಿತೆಂದು ತಿಳಿಯಬಾರದು. ದ್ರವ ಆವಿಯಾಗುವಾಗ ಹೀರುವ ಶಾಖಕ್ಕಿಂತ, ಆ ತಣ್ಣನೆಯ ಆವಿ ಕೋಣೆಯ ಉಷ್ಣತೆಗೆ ಏರುವಷ್ಟರಲ್ಲಿ ಹೀರುವ ಶಾಖ ಎಪ್ಪತ್ತು ಪಟ್ಟು ಹೆಚ್ಚು. ಆದ್ದರಿಂದ ಜಾಣ ವಿನ್ಯಾಸಕರು ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಕಲಗಚ್ಚಿಗೆ ಸೇರಿಸುವ ಗೃಹಿಣಿಯರಂತೆ ಆ ಆವಿಯನ್ನು ಹೊರಗಿನ ತೆರೆಗಳ ಸುತ್ತಲೂ, ವಿದ್ಯುತ್ ತಂತಿಗಳ ಉದ್ದಕ್ಕೂ ಹಾಯಿಸಿ ಅದರ ಕೊನೆಯ ತಂಪನ್ನೂ ದುಡಿಸಿಕೊಳ್ಳುತ್ತಾರೆ.

ಕಾಂತವನ್ನು ಹೀಗೆ ಕುದಿಯುವ ಹೀಲಿಯಂನಲ್ಲಿ ಮುಳುಗಿಸಿಡುವುದು ಎಲ್ಲಕ್ಕಿಂತ ಹಳೆಯ, ಸರಳ ವಿಧಾನ. ಬಹುಪಾಲು ಎಂ.ಆರ್.ಐ. ಯಂತ್ರಗಳು ಇದರಿಂದಲೇ ನಡೆದಿವೆ. ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ಗಡಿಯಲ್ಲಿ ನೆಲದಡಿಯ ಸುರಂಗದಲ್ಲಿರುವ ಸರ್ನ್ ಸಂಸ್ಥೆಯ ಬೃಹತ್ ಕಣವೇಗವರ್ಧಕಕ್ಕೆ ಮಾತ್ರ ಇದು ಸಾಲಲಿಲ್ಲ. ಸುಮಾರು 27 ಕಿಲೋಮೀಟರ್ ಸುತ್ತಳತೆಯ ಆ ಉಂಗುರದಲ್ಲಿ ಪ್ರೋಟಾನುಗಳ ಪಥವನ್ನು ಬಾಗಿಸಲು 1,232 ಕಾಂತಗಳಿವೆ. ಒಂದೊಂದೂ 15 ಮೀಟರ್ ಉದ್ದ, 35 ಟನ್ ಭಾರ. 8.33 ಟೆಸ್ಲಾ ಬಲ ಬೇಕಾದಾಗ ನಿಯೋಬಿಯಂ-ಟೈಟಾನಿಯಂ ತಂತಿಗೆ 4.2 ಕೆಲ್ವಿನ್ ಚಳಿಯೂ ಸೆಕೆಯೇ. ಕೆಲ್ವಿನ್ ಎಂಬುದು ಪರಮ ಶೂನ್ಯದಿಂದ, ಎಂದರೆ ಮೈನಸ್ 273 ಡಿಗ್ರಿಯಿಂದ, ಎಣಿಸುವ ಮಾನ.

ಇನ್ನೂ ಕೆಳಗಿಳಿಯುವ ಉಪಾಯ ನೀಲಗಿರಿಯ ಅಡುಗೆಮನೆಗಳಿಗೆ ಗೊತ್ತಿರುವಂಥದೇ. ಉದಕಮಂಡಲದಲ್ಲಿ ನೀರು 100 ಡಿಗ್ರಿಗೆ ಮೊದಲೇ, 92 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಅಲ್ಲಿ ಗಾಳಿಯ ಒತ್ತಡ ಕಡಿಮೆ. ಕುಕ್ಕರಿಲ್ಲದೆ ಬೇಳೆ ಬೇಯುವುದು ತಡವಾಗುವುದು ಇದರಿಂದಲೇ. ಹಾಗೆಯೇ ಹೀಲಿಯಂ ಮೇಲಿನ ಒತ್ತಡವನ್ನು ಪಂಪುಗಳಿಂದ ವಾಯುಮಂಡಲದ ಅರುವತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ಅದರ ಕುದಿಬಿಂದು 1.8 ಕೆಲ್ವಿನ್‌ಗೆ ಇಳಿಯುತ್ತದೆ. ಈ ಇಳಿತದ ದಾರಿಯಲ್ಲಿ, 2.17 ಕೆಲ್ವಿನ್ ಆದ ಕ್ಷಣ, ಗುಳ್ಳೆಯೇಳುತ್ತಿದ್ದ ದ್ರವ ಇದ್ದಕ್ಕಿದ್ದಂತೆ ಕನ್ನಡಿಯಂತೆ ಶಾಂತವಾಗುತ್ತದೆ. ಕುದಿತ ನಿಂತಿರುವುದಿಲ್ಲ, ಆವಿ ಮೇಲ್ಮೈಯಿಂದಷ್ಟೇ ಏಳತೊಡಗುತ್ತದೆ. ಒಳಗೆ ಎಲ್ಲಿಯೂ ಗುಳ್ಳೆ ಕಟ್ಟುವಷ್ಟು ಬಿಸಿ ನಿಲ್ಲುವುದೇ ಇಲ್ಲ, ಏಕೆಂದರೆ ಆ ದ್ರವವು ಶಾಖವನ್ನು ತಾಮ್ರಕ್ಕಿಂತ ನೂರಾರು ಪಟ್ಟು ಚುರುಕಾಗಿ ಸಾಗಿಸುತ್ತದೆ. ಇದು ಅತಿಪ್ರವಾಹಿ ಹೀಲಿಯಂ. ರಷ್ಯಾದಲ್ಲಿ ಪ್ಯೋತ್ರ್ ಕಪಿತ್ಸ, ಇಂಗ್ಲೆಂಡಿನಲ್ಲಿ ಆಲನ್ ಮತ್ತು ಮಿಸೆನರ್ 1938ರ ಆರಂಭದಲ್ಲಿ ಇದರ ಗುಣಗಳನ್ನು ಪ್ರಕಟಿಸಿದರು. ಘರ್ಷಣೆಯಿಲ್ಲದೆ ಹರಿಯಬಲ್ಲ ಈ ದ್ರವ ತಂತಿಗಳ ನಡುವಿನ ಸೂಕ್ಷ್ಮ ಸಂದುಗಳನ್ನೂ ಹೊಕ್ಕು ಅಲ್ಲಿ ಹುಟ್ಟಿದ ಬಿಸಿಯನ್ನು ಒಡನೆಯೇ ಹೊರಹಾಕುತ್ತದೆ. ಸರ್ನ್‌ನ ಕಾಂತಗಳು 1.9 ಕೆಲ್ವಿನ್‌ನ ಇಂಥ ನಿಶ್ಚಲ ದ್ರವದಲ್ಲಿ ಮುಳುಗಿವೆ. ಅವುಗಳ ಉದ್ದಕ್ಕೂ ಹಾಯುವ ತಾಮ್ರದ ಕೊಳವೆಯಲ್ಲಿ ಕಡಿಮೆ ಒತ್ತಡದ ಹೀಲಿಯಂ ಆವಿಯಾಗುತ್ತ ಶಾಖವನ್ನು ಹೊತ್ತೊಯ್ಯುತ್ತದೆ.

ಈ ಯಂತ್ರವನ್ನು ತಣಿಸುವುದೇ ವಾರಗಳ ಕೆಲಸ. ಮೊದಲು ಸುಮಾರು 10,000 ಟನ್ ದ್ರವ ಸಾರಜನಕದ ನೆರವಿನಿಂದ 80 ಕೆಲ್ವಿನ್‌ವರೆಗೆ ಇಳಿಸುತ್ತಾರೆ. ಆಮೇಲೆ ಹೀಲಿಯಂ, ಒಟ್ಟು 120 ಟನ್. ತಣಿಯುವಾಗ ಒಂದೊಂದು ಕಾಂತವೂ ನಾಲ್ಕು ಸೆಂಟಿಮೀಟರಿಗೂ ಮಿಕ್ಕಿ ಕುಗ್ಗುವುದರಿಂದ ನಡುನಡುವೆ ಹಾರ್ಮೋನಿಯಮ್ಮಿನ ತಿದಿಯಂಥ ಸಂಧಿಗಳನ್ನಿಡಬೇಕು. ಭಾರತದ ಪಾಲೂ ಇಲ್ಲಿದೆ. ತುಮಕೂರಿನಲ್ಲಿ ಹುಟ್ಟಿದ ಪರಮಾಣು ವಿಜ್ಞಾನಿ ರಾಜಾ ರಾಮಣ್ಣನವರ ಹೆಸರು ಹೊತ್ತಿರುವ ಇಂದೋರಿನ ಕೇಂದ್ರದ ಮುಂದಾಳುತನದಲ್ಲಿ ಸಾವಿರಕ್ಕೂ ಹೆಚ್ಚು ಚಿಕ್ಕ ಅತಿವಾಹಕ ಕಾಂತಗಳೂ ದೊಡ್ಡ ಕಾಂತಗಳನ್ನು ಕೂದಲೆಳೆಯ ನಿಖರತೆಯಲ್ಲಿ ನಿಲ್ಲಿಸುವ 7,000ದಷ್ಟು ಜ್ಯಾಕುಗಳೂ ಇಲ್ಲಿಂದ ಹೋದವು.

2008ರ ಸೆಪ್ಟೆಂಬರ್ 10ರಂದು ಈ ಯಂತ್ರದಲ್ಲಿ ಪ್ರೋಟಾನುಗಳು ಮೊದಲ ಬಾರಿ ಸುತ್ತಿದವು. ಜಗತ್ತಿನ ಪತ್ರಿಕೆಗಳೆಲ್ಲ ಸಂಭ್ರಮಿಸಿದವು. ಒಂಬತ್ತೇ ದಿನ ಕಳೆದಿರಲಿಲ್ಲವೇನೋ ಎಂಬಂತೆ, 19ರಂದು, ಕಾಂತಗಳ ಒಂದು ಭಾಗದಲ್ಲಿ ಪ್ರವಾಹವನ್ನು ಏರಿಸುತ್ತಿದ್ದರು. ಪ್ರವಾಹ 8,700 ಆಂಪಿಯರ್ ಮುಟ್ಟಿತ್ತು. ಎರಡು ಕಾಂತಗಳ ನಡುವೆ ಬೆಸೆದಿದ್ದ ಒಂದು ಸಂಧಿ ಸರಿಯಾಗಿ ಕೂಡಿರಲಿಲ್ಲ. ಅದರ ರೋಧ ಎಷ್ಟಿತ್ತು? ಆಮೇಲಿನ ತನಿಖೆಯ ಅಂದಾಜಿನಂತೆ ಒಂದು ಓಮ್‌ನ ಕೋಟಿಯಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು. ಹತ್ತನೆಯ ತರಗತಿಯ ಸೂತ್ರದಿಂದಲೇ ಲೆಕ್ಕ ಹಾಕಬಹುದು: ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ 17 ವ್ಯಾಟ್‌ಗೂ ಕಡಿಮೆ ಬಿಸಿ. ಮನೆಯ ಜಗಲಿಯಲ್ಲಿ ಉರಿಯುವ ಸಣ್ಣ ದೀಪದಷ್ಟು. ಅಲ್ಲಿ ಅದನ್ನು ಸಾಗಹಾಕಲು ದ್ರವಕ್ಕೆ ಸಾಧ್ಯವಾಗಲಿಲ್ಲ. ಸಂಧಿ ಬೆಚ್ಚಗಾಯಿತು, ಅತಿವಾಹಕತೆ ಅಳಿಯಿತು, ರೋಧ ಬೆಳೆಯಿತು, ಬಿಸಿ ಮತ್ತೂ ಬೆಳೆಯಿತು. ಕ್ಷಣದಲ್ಲಿ ಸಂಧಿ ಕರಗಿ ವಿದ್ಯುತ್ ಕಿಡಿ ಚಿಮ್ಮಿ ಹೀಲಿಯಂ ಪಾತ್ರೆಯನ್ನು ತೂತುಮಾಡಿತು. ನಿರ್ವಾತದ ಆವರಣಕ್ಕೆ ನುಗ್ಗಿದ ಹೀಲಿಯಂ ಹಿಗ್ಗಿದ ರಭಸಕ್ಕೆ ಹತ್ತಾರು ಟನ್ ಭಾರದ ಕಾಂತಗಳು ನೆಲೆ ತಪ್ಪಿ ಜರುಗಿದವು. ಸುಮಾರು 6 ಟನ್ ಹೀಲಿಯಂ ಹೋಯಿತು. ಸುರಂಗದಲ್ಲಿ ಜನರಿರಲಿಲ್ಲ, ಯಾರಿಗೂ ಅಪಾಯವಾಗಲಿಲ್ಲ. 53 ಕಾಂತಗಳನ್ನು ಮೇಲಕ್ಕೆತ್ತಿ ದುರಸ್ತಿಮಾಡಿ ಅಥವಾ ಬದಲಾಯಿಸಿ, ಯಂತ್ರ ಮತ್ತೆ ನಡೆಯುವಾಗ 2009ರ ನವೆಂಬರ್ ಬಂದಿತ್ತು.

ಅಷ್ಟು ಅಲ್ಪ ಬಿಸಿ ಅಷ್ಟು ದೊಡ್ಡ ಅನಾಹುತ ಮಾಡಲು ಶೈತ್ಯದ ಒಂದು ಸ್ವಭಾವವೇ ಕಾರಣ. ಆ ಆಳದಲ್ಲಿ ಲೋಹಗಳ ಶಾಖಧಾರಣೆ ಕುಸಿದಿರುತ್ತದೆ. ಕೋಣೆಯಲ್ಲಿರುವ ತಾಮ್ರವನ್ನು ಒಂದು ಡಿಗ್ರಿ ಏರಿಸಲು ಬೇಕಾಗುವ ಶಾಖದ ಸಾವಿರಾರರಲ್ಲಿ ಒಂದು ಪಾಲು ಅಲ್ಲಿ ಸಾಕು. ಕಾಂತಬಲಕ್ಕೆ ಸಿಕ್ಕ ತಂತಿಯ ಎಳೆಯೊಂದು ಕೂದಲಿನ ಅಗಲಕ್ಕಿಂತ ಕಡಿಮೆ ಜರುಗಿದರೂ ಆ ಉಜ್ಜುವಿಕೆಯ ಬಿಸಿ ಅತಿವಾಹಕತೆಯನ್ನು ಕೆಡಿಸಬಲ್ಲದು. ಎಂಜಿನಿಯರುಗಳು ಇದನ್ನು ಕ್ವೆಂಚ್ ಎನ್ನುತ್ತಾರೆ. ಇದರಿಂದ ಕಾಂತವನ್ನು ಉಳಿಸುವ ಬಗೆ ಮೇಲುನೋಟಕ್ಕೆ ತಲೆಕೆಳಗಾದುದು. ಒಂದು ಕಡೆ ಬಿಸಿಯಾದ ಸುಳಿವು ಸಿಕ್ಕೊಡನೆ ಸುರುಳಿಗೆ ಅಂಟಿಸಿದ ಹೀಟರುಗಳನ್ನು ಹೊತ್ತಿಸಿ, ಇಡೀ ಕಾಂತವನ್ನೇ ಬೇಕೆಂದು ಬಿಸಿಮಾಡುತ್ತಾರೆ. ಶಕ್ತಿಯೆಲ್ಲ ಒಂದೇ ಬಿಂದುವಿನಲ್ಲಿ ಸುರಿದರೆ ತಂತಿ ಕರಗುತ್ತದೆ. ಉದ್ದಕ್ಕೂ ಹಂಚಿಹೋದರೆ ಬದುಕುತ್ತದೆ. ಸರ್ನ್‌ನಲ್ಲಿ ಅಂದು ಕೆಟ್ಟದ್ದು ಈ ಕಾವಲಿನ ಕಣ್ಣಿಗೆ ಬೀಳದೆ ಉಳಿದಿದ್ದ, ಸುರುಳಿಯ ಹೊರಗಿನ ಸಂಧಿ. ಮುಂದೆ 2013-14ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸಂಧಿಗಳನ್ನು ಒಂದೊಂದಾಗಿ ತೆರೆದು ಬಲಪಡಿಸಿದರು.

ದ್ರವದಲ್ಲಿ ಮುಳುಗಿಸದೆಯೂ ತಣಿಸಬಹುದು. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಯಂತ್ರದಲ್ಲಿಯೂ ಫ್ರಾನ್ಸಿನಲ್ಲಿ ಕಟ್ಟಲಾಗುತ್ತಿರುವ ಈಟರ್ ಸಮ್ಮಿಲನ ಸ್ಥಾವರದಲ್ಲಿಯೂ ಕೊಳವೆಯೊಳಗೆ ತಂತಿಗಳ ಕಂತೆಯನ್ನು ತೂರಿಸಿ, ಎಳೆಗಳ ನಡುವೆ ಒತ್ತಡದ ಹೀಲಿಯಂನ್ನು ಹರಿಯಿಸುವ ವಿಧಾನವಿದೆ. ಒತ್ತಡ ಹೆಚ್ಚಿರುವುದರಿಂದ ಅದು ಕುದಿಯುವುದೇ ಇಲ್ಲ. ಈಟರ್‌ನ ಕಾಂತಗಳನ್ನೆಲ್ಲ ಒಳಗೊಳ್ಳುವ 3,850 ಟನ್ನಿನ ನಿರ್ವಾತ ಪಾತ್ರೆ ಭಾರತದ ಕೊಡುಗೆ. ಡ್ಯೂವರನ ಫ್ಲಾಸ್ಕಿನ ಅತಿ ದೊಡ್ಡ ಮೊಮ್ಮಗುವೆನ್ನಬಹುದು.

ಇವೆಲ್ಲ ದೊಡ್ಡವರ ಮನೆಯ ಮಾತಾಯಿತು. ಸಾಮಾನ್ಯ ಕುಟುಂಬಕ್ಕೆ ಅತಿವಾಹಕ ಕಾಂತ ಎದುರಾಗುವುದು ಆಸ್ಪತ್ರೆಯಲ್ಲಿ, ಅಲ್ಲಿನ ತೊಡಕು ಹೀಲಿಯಂನದೇ. ಹಳೆಯ ಬಗೆಯ ಯಂತ್ರದಲ್ಲಿ 1,500 ಲೀಟರಿಗೂ ಹೆಚ್ಚು ದ್ರವ ಹೀಲಿಯಂ ತುಂಬಿರುತ್ತದೆ. ಕ್ವೆಂಚ್ ಆದರೆ ಅದು ಹತ್ತು ಲಕ್ಷ ಲೀಟರಿಗೂ ಮಿಕ್ಕ ಅನಿಲವಾಗಿ ಛಾವಣಿಯ ಕೊಳವೆಯಿಂದ ಹೊರಬೀಳುತ್ತದೆ. ಆ ಕೊಳವೆ ಕಟ್ಟಿಹೋಗಿದ್ದರೆ ಅನಿಲ ಕೋಣೆಗೇ ನುಗ್ಗಿ ಉಸಿರಾಡುವ ಗಾಳಿಯನ್ನು ಹೊರದೂಡೀತು. ಹೊರಹೋದ ಹೀಲಿಯಂ ಮತ್ತೆ ಸಿಗದು. ನೆಲದಾಳದ ಯುರೇನಿಯಂ, ಥೋರಿಯಂಗಳು ಕೋಟ್ಯಂತರ ವರ್ಷಗಳಲ್ಲಿ ಸವೆಯುತ್ತ ಹುಟ್ಟಿಸಿದ ಅದು ನೈಸರ್ಗಿಕ ಅನಿಲದ ಬಾವಿಗಳಲ್ಲಿ ಸಿಗುತ್ತದೆ. ಬಿಡುಗಡೆಯಾದರೆ ಹಗುರವಾದ ಕಾರಣ ಕಾಲಕ್ರಮದಲ್ಲಿ ಭೂಮಿಯನ್ನೇ ಬಿಟ್ಟು ಹೋಗುತ್ತದೆ. ಬಂಗಾಳದ ಬಕ್ರೇಶ್ವರದ ಬಿಸಿನೀರಿನ ಬುಗ್ಗೆಗಳಲ್ಲಿ ಹೀಲಿಯಂ ಉಂಟೆಂಬುದು 1950ರ ದಶಕದಿಂದ ತಿಳಿದಿದ್ದರೂ ದೇಶದ ಬೇಡಿಕೆಗೆ ಅದು ಸಾಲದು, ಹೊರನಾಡುಗಳಿಂದ ತರಿಸಬೇಕು. 2017ರಲ್ಲಿ ಕತಾರಿಗೂ ಅದರ ನೆರೆಹೊರೆಗೂ ವೈಮನಸ್ಯ ಬಂದು ದಾರಿಗಳು ಮುಚ್ಚಿದಾಗ, ಎಲ್ಲಿಯೋ ದೂರದ ಪ್ರಯೋಗಾಲಯಗಳಿಗೆ ಹೀಲಿಯಂನ ಅಭಾವ ತಟ್ಟಿತು.

ಆ ಉಲಿಯುವ ಯಂತ್ರದ ಬೆಲೆ ತಿಳಿಯುವುದು ಇಲ್ಲಿಯೇ. ಗಿಫರ್ಡ್ ಮತ್ತು ಮ್ಯಾಕ್‌ಮಹಾನ್ 1950ರ ದಶಕದ ಕೊನೆಯಲ್ಲಿ ರೂಪಿಸಿದ ಈ ಶೀತಕದಲ್ಲಿ ಒತ್ತಡದ ಹೀಲಿಯಂ ಅನಿಲ ಒಳಹೊಕ್ಕು ಹಿಗ್ಗಿ ತಣಿದು ಹೊರಬರುತ್ತದೆ. ಕವಾಟದಲ್ಲಿ ಅದು ಹಾಯುವ ಸದ್ದೇ ಆ ಚಿಲಿಪಿಲಿ. ಬರುವ ಅನಿಲದ ಬಿಸಿಯನ್ನು ನಡುದಾರಿಯಲ್ಲಿ ಹಿಡಿದಿಟ್ಟುಕೊಂಡು, ಹೋಗುವ ಅನಿಲಕ್ಕೆ ಮರಳಿಸುವ ವಸ್ತುವೊಂದು ಅದರೊಳಗಿರಬೇಕು. ಚಳಿಗಾಲದ ಮುಂಜಾನೆ ಮೂಗಿಗೆ ಕಂಬಳಿ ಮುಸುಕಿಕೊಂಡವರ ಉಸಿರಿನ ಬಿಸಿಯನ್ನು ಕಂಬಳಿ ಹಿಡಿದಿಟ್ಟು ಮುಂದಿನ ಉಸಿರಿಗೆ ಕೊಡುವುದಿಲ್ಲವೇ, ಹಾಗೆ. ಬಹುಕಾಲ ಈ ಕಂಬಳಿಯ ಕೆಲಸವನ್ನು ಸೀಸದ ಗುಂಡುಗಳು ಮಾಡುತ್ತಿದ್ದವು. ಆದರೆ 10 ಕೆಲ್ವಿನ್‌ಗಿಂತ ಕೆಳಗೆ ಸೀಸದ ಶಾಖಧಾರಣೆಯೂ ಸೋಲುತ್ತದೆ. ಎರ್ಬಿಯಂ, ಹೋಲ್ಮಿಯಂ ಮೊದಲಾದ ವಿರಳ ಧಾತುಗಳ ಸಂಯುಕ್ತಗಳನ್ನು 1990ರ ಸುಮಾರಿಗೆ ಬಳಸತೊಡಗಿದ ಮೇಲೆ ಯಂತ್ರ 4 ಕೆಲ್ವಿನ್ ಮುಟ್ಟಿತು. ಅಂದಿನಿಂದ ಆವಿಯಾದ ಹೀಲಿಯಂನ್ನು ಪಾತ್ರೆಯೊಳಗೇ ಮತ್ತೆ ದ್ರವವಾಗಿಸಿ ಹನಿಸುವುದು ಸಾಧ್ಯವಾಯಿತು. ತಿಂಗಳು ತಿಂಗಳಿಗೆ ತುಂಬಿಸುವ ಖರ್ಚು ತಪ್ಪಿತು. ಇದರ ಕೂಲಿಯೇನೂ ಅಗ್ಗವಲ್ಲ. ಒಂದೂವರೆ ವ್ಯಾಟ್ ಶಾಖವನ್ನು ಆ ಆಳದಿಂದ ಎತ್ತಿ ಹೊರಹಾಕಲು ಸುಮಾರು 7,000 ವ್ಯಾಟ್ ವಿದ್ಯುತ್ತು ಬೇಕು.

ಇನ್ನೂ ಹೆಚ್ಚು ಉಷ್ಣತೆಯಲ್ಲಿ ಅತಿವಾಹಕವಾಗುವ ಪಿಂಗಾಣಿಯಂಥ ವಸ್ತುಗಳು 1986ರಿಂದ ತಿಳಿದಿವೆ. ದ್ರವ ಸಾರಜನಕವೇ ಅವಕ್ಕೆ ಸಾಕೆಂಬ ಆಸೆ ಹುಟ್ಟಿತ್ತು. ಆದರೆ ಅವು ಸುಲಭವಾಗಿ ಬಿರಿಯುತ್ತವೆ, ಬೆಲೆಯೂ ದುಬಾರಿ. ಬಲವಾದ ಕಾಂತಕ್ಕಾದರೆ ಅವನ್ನೂ 20 ಕೆಲ್ವಿನ್ ಸುಮಾರಿಗೆ ಇಳಿಸಬೇಕಾಗುತ್ತದೆ. ಆಸ್ಪತ್ರೆಗಳಲ್ಲಿ ಸದ್ಯಕ್ಕೆ ಬಂದಿರುವ ಬದಲಾವಣೆ ಬೇರೆಯದು. 2018ರಲ್ಲಿ ಬರೀ 7 ಲೀಟರ್ ಹೀಲಿಯಂನ್ನು ಮುದ್ರೆಯೊತ್ತಿ ಮುಚ್ಚಿದ ಕೊಳವೆಗಳಲ್ಲಿ ಸುತ್ತಿಸುವ ಎಂ.ಆರ್.ಐ. ಕಾಂತ ಬಂದಿತು, ಆಮೇಲೆ ಒಂದು ಲೀಟರಿಗಿಂತ ಕಡಿಮೆಯದೂ ಬಂದಿದೆ. ಛಾವಣಿಯ ಕೊಳವೆ ಬೇಡ, ಹೀಲಿಯಂನ ಹಡಗಿಗಾಗಿ ಕಾಯುವುದೂ ಬೇಡ. ಚಿಕ್ಕ ಊರಿನ ಆಸ್ಪತ್ರೆಯೂ ಇಂಥದನ್ನು ಮಾಳಿಗೆಯ ಮೇಲಿರಿಸಿಕೊಳ್ಳಬಹುದು.

ಹಳೆಯದರಲ್ಲಿ ಒಂದು ನೆಮ್ಮದಿಯಿತ್ತು ಎಂಬುದನ್ನೂ ಹೇಳಬೇಕು. ಮಳೆಗಾಲದಲ್ಲಿ ವಿದ್ಯುತ್ತು ಹೋಗಿ ಶೀತಕ ನಿಂತರೆ 1,500 ಲೀಟರಿನ ಆ ದಾಸ್ತಾನು ನಿಧಾನವಾಗಿ ಕುದಿಯುತ್ತ ಕಾಂತವನ್ನು ದಿನಗಟ್ಟಲೆ ಕಾಯುತ್ತಿತ್ತು. ಹೊಸದಕ್ಕೆ ಅಂಥ ಕಣಜವಿಲ್ಲ. ಕೆಲವೇ ಗಂಟೆಗಳಲ್ಲಿ ಅದು ತನ್ನ ಪ್ರವಾಹವನ್ನು ತಾನೇ ಇಳಿಸಿಕೊಂಡು ಸುಮ್ಮನಾಗಬೇಕು; ವಿದ್ಯುತ್ತು ಮರಳಿದ ಮೇಲೆ ಮತ್ತೆ ತಣಿಯಬೇಕು, ಮತ್ತೆ ಪ್ರವಾಹ ತುಂಬಿಸಿಕೊಳ್ಳಬೇಕು, ಅಲ್ಲಿಯವರೆಗೆ ಹೊರಗಿನ ಬೆಂಚಿನ ಮೇಲಿರುವವರು ಕಾಯಬೇಕು. ಇಂಥ ಯಂತ್ರವನ್ನು ಕೊಳ್ಳುವ ಆಸ್ಪತ್ರೆಯವರು ಈಗ ಹೀಲಿಯಂನ ದರವನ್ನು ವಿಚಾರಿಸುವುದು ಕಡಿಮೆ. ಅವರು ಮೊದಲು ನೋಡುವುದು ಹಿಂಬದಿಯ ಶೆಡ್ಡಿನಲ್ಲಿರುವ ಜನರೇಟರನ್ನು, ಅದರ ಪಕ್ಕದ ಡೀಸೆಲ್ ಪೀಪಾಯಿಯನ್ನು.